ಫಿಲ್ಟರ್ ಮಾತು ಕೇಳದಿದ್ದಾಗ: ಸಿಂಥಸೈಜರ್‌ನಲ್ಲಿ ದೋಷ ಹುಡುಕುವ ದಾರಿ

ಒಮ್ಮೆ ನನ್ನ ಸಿಂಥ್‌ನ (ಸಿಂಥಸೈಜರ್, ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ದನಿ ಇದ್ದಕ್ಕಿದ್ದಂತೆ ಮಂಕಾಯಿತು. ದನಿಯನ್ನು ಎಲ್ಲಿಂದ ಮೇಲೆ ಕತ್ತರಿಸಬೇಕು ಅಂತ ಫಿಲ್ಟರ್‌ಗೆ ಹೇಳುವ ಕಟಾಫ್ ನಾಬನ್ನು ಪೂರ್ತಿ ಬಲಕ್ಕೆ ತಿರುಗಿಸಿದರೂ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತಿತ್ತು. ಫಿಲ್ಟರ್ ಚಿಪ್ ಸತ್ತಿದೆ ಅಂತ ನಾನೇ ತೀರ್ಮಾನ ಮಾಡಿ ರಿಪೇರಿಗೆ ಕೊಟ್ಟೆ. ಏನೂ ಆಗಿಲ್ಲ, ಚೆನ್ನಾಗಿಯೇ ನುಡಿಯುತ್ತಿದೆ ಅಂತ ವಾಪಸ್ ಬಂತು. ಮನೆಯಲ್ಲಿ ಎಲ್ಲ ವೈರ್ ಸಿಕ್ಕಿಸಿ ನುಡಿಸಿದೆ. ಮತ್ತೆ ಅದೇ ಕಂಬಳಿ.

ಕೊನೆಗೆ ಕಳ್ಳ ಸಿಕ್ಕಿದ್ದು ಮೇಜಿನ ಕೆಳಗೆ. ಎಕ್ಸ್‌ಪ್ರೆಶನ್ ಪೆಡಲ್, ಕಾಲಿನಿಂದ ಬಾಗಿಸಿ ದನಿ ಬದಲಿಸುವಂಥದ್ದು. ಹಿಂದೆ ಯಾವಾಗಲೋ ನಾನೇ ಅದನ್ನು ಕಟಾಫ್‌ಗೆ ಜೋಡಿಸಿ ಮರೆತಿದ್ದೆ. ಪೆಡಲ್ ಹಿಂದಕ್ಕೆ ಬಾಗಿದ್ದರೆ ಕಟಾಫ್ ಕೆಳಗಿಳಿಯುತ್ತಿತ್ತು. ರಿಪೇರಿಗೆ ಸಿಂಥ್ ಒಂದನ್ನೇ ಒಯ್ದಿದ್ದೆ, ಪೆಡಲ್ ಮನೆಯಲ್ಲೇ ಇತ್ತು. ಅಲ್ಲಿ ದೋಷ ಕಾಣೋದಾದರೂ ಹೇಗೆ?

ಅವತ್ತಿನಿಂದ ಫಿಲ್ಟರ್ ಕೈಕೊಟ್ಟಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕಟಾಫನ್ನು ನನ್ನ ಜೊತೆ ಇನ್ನು ಯಾರು ಎಳೆಯುತ್ತಿದ್ದಾರೆ? ಪ್ಯಾನೆಲ್ ಮೇಲೆ ಕಟಾಫ್ ಅಂತ ಬರೆದ ನಾಬ್ ಒಂದೇ ಇರಬಹುದು. ಆದರೆ ಕಟಾಫ್ ನಿಜವಾಗಿ ಎಲ್ಲಿ ನಿಲ್ಲಬೇಕು ಅನ್ನೋದನ್ನು ಅದು ಒಂದೇ ತೀರ್ಮಾನಿಸುವುದಿಲ್ಲ. ನಾಬ್, ಎನ್ವಲಪ್ (ಕೀ ಒತ್ತಿದಾಗ ಏರಿ ಇಳಿಯುವ ನಿಯಂತ್ರಣ), ಎಲ್‌ಎಫ್‌ಒ (ನಿಧಾನ ತೂಗಾಡುವ ಅಲೆ), ಕೀ ಟ್ರ್ಯಾಕಿಂಗ್ (ಸ್ವರ ಏರಿದಂತೆ ಕಟಾಫ್ ಏರುವುದು), ಬೆರಳಿನ ಒತ್ತಡ, ಮಾಡ್ ವೀಲ್ (ಕೀಗಳ ಪಕ್ಕದ ಚಕ್ರ), ಪೆಡಲ್, ಕಂಪ್ಯೂಟರ್‌ನಿಂದ ಬರುವ ಮಿಡಿ ಸಂದೇಶ (ವಾದ್ಯಗಳು ಮಾತಾಡುವ ಡಿಜಿಟಲ್ ಭಾಷೆ), ಇವೆಲ್ಲದರ ಮೊತ್ತ ಅದು. ನೀವು ತಿರುಗಿಸುತ್ತಿರುವುದು ಆ ಮೊತ್ತದ ಒಂದು ಪಾಲನ್ನು ಮಾತ್ರ.

ಮೊದಲು ಎಲ್ಲರನ್ನೂ ಸುಮ್ಮನಾಗಿಸಿ

ಯಾವ ದೂರು ಇದ್ದರೂ ಈ ಪರೀಕ್ಷೆ ಮೊದಲು. ವಾಲ್ಯೂಮ್ ಕಡಿಮೆ ಮಾಡಿಕೊಳ್ಳಿ. ಪೆಡಲ್, ಮಿಡಿ ಕೇಬಲ್, ಯುಎಸ್‌ಬಿ ಎಲ್ಲ ಕಿತ್ತುಬಿಡಿ. ಖಾಲಿ ಪ್ಯಾಚ್ (ಒಂದು ದನಿಯ ಸೆಟ್ಟಿಂಗ್‌ಗಳ ಗುಂಪು) ಇದ್ದರೆ, ಅಂದರೆ ಇನಿಟ್ ಅನ್ನುವುದು ಇದ್ದರೆ, ಅದನ್ನು ತೆರೆಯಿರಿ. ಒಂದೇ ಆಸಿಲೇಟರ್ (ಮೂಲ ಅಲೆ ಹುಟ್ಟಿಸುವ ಭಾಗ) ಇಟ್ಟುಕೊಂಡು ಸಾ ವೇವ್ ಆರಿಸಿ. (ಸರಿಗಮದ ಸ ಅಲ್ಲ, ಗರಗಸದ ಹಲ್ಲಿನ ಆಕಾರದ ಅಲೆ.) ಫಿಲ್ಟರ್ ಲೋ ಪಾಸ್‌ನಲ್ಲಿರಲಿ, ಅಂದರೆ ಕೆಳಗಿನ ದನಿ ಹಾದುಹೋಗಿ ಮೇಲಿನದು ತಡೆಯಾಗಲಿ. ರೆಸೊನೆನ್ಸ್ (ಕಟಾಫ್ ಹತ್ತಿರದ ದನಿಯ ಉಬ್ಬು) ಸೊನ್ನೆ. ಫಿಲ್ಟರ್ ಎನ್ವಲಪ್ ಅಮೌಂಟ್ (ಎನ್ವಲಪ್ ಕಟಾಫನ್ನು ಎಷ್ಟು ಎಳೆಯಬೇಕು ಅನ್ನೋದು) ಸೊನ್ನೆ. ಎಲ್‌ಎಫ್‌ಒ, ವೆಲಾಸಿಟಿ (ಕೀ ಒತ್ತುವ ವೇಗ), ಕೀ ಟ್ರ್ಯಾಕಿಂಗ್ ಎಲ್ಲ ಸೊನ್ನೆ. ರಿವರ್ಬ್, ಡಿಲೇ, ಕೋರಸ್ ಆಫ್.

ಈಗ ಕೆಳಗಿನ ಒಂದು ಸ್ವರ ಹಿಡಿದಿಡಿ. ನಾನು 110 ಹರ್ಟ್ಜ್‌ನ ಎ ಸ್ವರ ಬಳಸುತ್ತೇನೆ, ಲೆಕ್ಕ ಸುಲಭ. ಸಾ ವೇವ್‌ನಲ್ಲಿ ಎಲ್ಲ ಹಾರ್ಮಾನಿಕ್‌ಗಳೂ, ಅಂದರೆ ಮೂಲ ಸ್ವರದ ಪಟ್ಟುಗಳೂ, ಇರುತ್ತವೆ: 110, 220, 330, 440, ಹೀಗೆ ಮೇಲೆ ಮೇಲೆ. ಕಟಾಫನ್ನು ಪೂರ್ತಿ ತೆರೆದು ನಿಧಾನವಾಗಿ ಮುಚ್ಚುತ್ತಾ ಬನ್ನಿ. ಮೊದಲು ಮೇಲಿನ ಚುರುಕು ಹೋಗುತ್ತದೆ. ಆಮೇಲೆ ಜೇನ್ನೊಣದ ಗುಂಯ್‌ಗುಡುವಿಕೆ ಕರಗುತ್ತದೆ. ಕೊನೆಗೆ ಉಳಿಯೋದು ದುಂಡಗಿನ ‘ಊ’ ಅನ್ನುವಂಥ ದನಿ. ಪೂರ್ತಿ ಮುಚ್ಚಿದರೆ ಅದೂ ಇಲ್ಲ.

ಈ ಇಳಿತ ನಯವಾಗಿ, ಎಲ್ಲೂ ಎಗರದೆ ಆಯಿತೇ? ಹಾಗಿದ್ದರೆ ಫಿಲ್ಟರ್ ಆರೋಗ್ಯವಾಗಿದೆ. ತಪ್ಪು ಪ್ಯಾಚ್‌ನಲ್ಲಿದೆ ಅಥವಾ ಹೊರಗಿನಿಂದ ಬರುತ್ತಿದೆ. ಕಿತ್ತದ್ದನ್ನೆಲ್ಲ ಒಂದೊಂದಾಗಿ ವಾಪಸ್ ಸೇರಿಸಿ, ಪ್ರತಿ ಸಲ ಅದೇ ಸ್ವರ ಕೇಳಿ. ಯಾವುದನ್ನು ಸೇರಿಸಿದಾಗ ಕೆಟ್ಟಿತೋ ಅದೇ ಅಪರಾಧಿ. ಎರಡನ್ನು ಒಟ್ಟಿಗೆ ಸೇರಿಸುವ ಆಸೆ ಬರುತ್ತದೆ, ಬೇಡ.

ಇಲ್ಲಿ ಇನ್ನೊಂದು ಮಾತು. ಕಟಾಫ್ ಅನ್ನೋದು ಗೋಡೆ ಅಲ್ಲ, ಇಳಿಜಾರು. 12 ಡೆಸಿಬೆಲ್‌ನ ಫಿಲ್ಟರ್‌ನಲ್ಲಿ ಕಟಾಫ್ ದಾಟಿದ ಮೇಲೆ ಪ್ರತಿ ಸ್ಥಾಯಿಗೆ ದನಿಯ ಅಲೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 24 ಡೆಸಿಬೆಲ್‌ನದರಲ್ಲಿ ಹದಿನಾರನೇ ಒಂದು ಭಾಗಕ್ಕೆ. ಆದ್ದರಿಂದ 12 ಡೆಸಿಬೆಲ್‌ನ ಫಿಲ್ಟರ್ ‘ಸರಿಯಾಗಿ ಮುಚ್ಚುತ್ತಿಲ್ಲ’ ಅನ್ನೋದು ಬಹಳ ಸಲ ದೋಷವೇ ಅಲ್ಲ, ಅದರ ಸ್ವಭಾವ. ಸ್ಲೋಪ್ ಬದಲಿಸುವ ಬಟನ್ ಇದೆಯಾ ನೋಡಿ.

ಕಟಾಫ್ ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ

ಮೊದಲು ಅಲೆಯ ಆಕಾರ ನೋಡಿ. ಸೈನ್ ವೇವ್ ಹಾಕಿಕೊಂಡು ಫಿಲ್ಟರ್ ಕೆಲಸ ಮಾಡುತ್ತಿಲ್ಲ ಅಂದರೆ ಫಿಲ್ಟರ್ ತಾನೇ ಏನು ಮಾಡೀತು? ಸೈನ್‌ನಲ್ಲಿ ಮೂಲ ಸ್ವರ ಬಿಟ್ಟು ಬೇರೇನೂ ಇಲ್ಲ. ಕಟಾಫ್ ಆ ಸ್ವರಕ್ಕಿಂತ ಮೇಲಿರುವ ತನಕ ವ್ಯತ್ಯಾಸವೇ ಕೇಳದು. ಕೆಳಗೆ ಬಂದರೆ ವಾಲ್ಯೂಮ್ ಇಳಿದ ಹಾಗೆ ಕೇಳುತ್ತದೆ, ಅಷ್ಟೇ. ತ್ರಿಕೋನದ ಅಲೆಯೂ ಹೆಚ್ಚು ಕಡಿಮೆ ಅದೇ ಜಾತಿ, ಅದರ ಹಾರ್ಮಾನಿಕ್‌ಗಳು ತುಂಬಾ ಬೇಗ ಸೊರಗುತ್ತವೆ. ಕತ್ತರಿಸಲು ಏನಾದರೂ ಇದ್ದರೆ ತಾನೇ ಕತ್ತರಿ.

ಅಲೆ ಸರಿ ಇದೆ ಅಂದರೆ ದಾರಿ ನೋಡಿ. ಎರಡು ಫಿಲ್ಟರ್ ಇರುವ ಸಿಂಥ್‌ಗಳಲ್ಲಿ ಅವು ಒಂದರ ಹಿಂದೆ ಒಂದು ಇರಬಹುದು, ಅಥವಾ ಅಕ್ಕಪಕ್ಕ ಇರಬಹುದು. ಅಕ್ಕಪಕ್ಕ ಇದ್ದಾಗ ನೀವು ಒಂದು ಬಾಗಿಲು ಮುಚ್ಚಿದರೂ ದನಿ ಇನ್ನೊಂದರಿಂದ ಆರಾಮಾಗಿ ಹೊರಗೆ ಬರುತ್ತದೆ. ಕೆಲವು ಸಿಂಥ್‌ಗಳಲ್ಲಿ ನಾಯ್ಸ್ ಅಥವಾ ಸಬ್ ಆಸಿಲೇಟರನ್ನು ಫಿಲ್ಟರ್ ತಪ್ಪಿಸಿ ನೇರ ಹೊರಗೆ ಕಳಿಸುವ ಆಯ್ಕೆಯೂ ಇರುತ್ತದೆ. ಪ್ರೀಸೆಟ್‌ನಲ್ಲಿ (ಉಳಿಸಿಟ್ಟ ಪ್ಯಾಚ್) ಎರಡು ಲೇಯರ್ ಇದ್ದು, ನೀವು ಒಂದನ್ನು ಕೇಳುತ್ತಾ ಇನ್ನೊಂದರ ಫಿಲ್ಟರ್ ತಿರುಗಿಸುತ್ತಿರಬಹುದು. ಇದು ನನಗೆ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ.

ಇನ್ನು ನಾಬ್ ಮೋಡ್. ಪ್ರೀಸೆಟ್ ಬದಲಿಸಿದಾಗ ಒಳಗಿನ ಬೆಲೆ ಬದಲಾಗುತ್ತದೆ, ನಾಬ್ ಮಾತ್ರ ಹಳೆಯ ಜಾಗದಲ್ಲೇ ನಿಂತಿರುತ್ತದೆ. ಪಿಕಪ್ ಅಥವಾ ಕ್ಯಾಚ್ ಮೋಡ್ ಇದ್ದರೆ, ನಾಬ್ ಆ ಉಳಿಸಿದ ಬೆಲೆಯನ್ನು ದಾಟುವ ತನಕ ಏನೂ ಆಗುವುದಿಲ್ಲ. ಜಂಪ್ ಮೋಡ್ ಇದ್ದರೆ ಮುಟ್ಟಿದ ತಕ್ಷಣ ದನಿ ಎಗರುತ್ತದೆ. ಎರಡೂ ದೋಷ ಅಲ್ಲ. ನಾಬನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಒಮ್ಮೆ ತಿರುಗಿಸಿ, ಹಿಡಿತ ಸಿಗುತ್ತದೆ.

ಸಾಫ್ಟ್‌ವೇರ್ ಸಿಂಥ್‌ನಲ್ಲಿ ನಾಬ್ ತಿರುಗಿಸಿ ಬಿಟ್ಟ ಕೂಡಲೇ ಅದು ತಾನಾಗಿ ವಾಪಸ್ ಹೋಗುತ್ತಿದ್ದರೆ ದೆವ್ವ ಅಲ್ಲ, ಆಟೊಮೇಶನ್. ಟ್ರ್ಯಾಕ್‌ನಲ್ಲಿ ಹಿಂದೆ ಯಾವಾಗಲೋ ಕಟಾಫ್‌ನ ಚಲನೆ ರೆಕಾರ್ಡ್ ಆಗಿರುತ್ತದೆ. ಆ ಗೆರೆ ಅಳಿಸಿ. ಅದಿಲ್ಲದಿದ್ದರೆ ಮಿಡಿ ಕ್ಲಿಪ್ ಒಳಗೆ ಸಿಸಿ (ಮಿಡಿಯ ನಿಯಂತ್ರಣ ಸಂದೇಶ) 74 ಹುಡುಕಿ. ಕಟಾಫ್‌ಗೆ ಸಾಮಾನ್ಯವಾಗಿ ಬಳಸುವ ನಂಬರ್ ಅದು. ರೆಸೊನೆನ್ಸ್‌ಗೆ 71.

ಎನ್ವಲಪ್ ಹಾಕಿದೆ, ಆದರೆ ‘ವಾವ್’ ಅನ್ನುವ ಚಲನೆ ಬರುತ್ತಿಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಣುವ ಕೇಸ್ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಕಟಾಫ್ ನಾಬ್ 200 ಹರ್ಟ್ಜ್‌ನಲ್ಲಿದೆ ಅಂದುಕೊಳ್ಳಿ. ಎನ್ವಲಪ್ ಅಮೌಂಟ್ ನಾಲ್ಕು ಸ್ಥಾಯಿ ಮೇಲಕ್ಕೆ ಎತ್ತುತ್ತದೆ. 400, 800, 1600, 3200. ಕೀ ಒತ್ತಿದಾಗ ಫಿಲ್ಟರ್ 3200ರ ತನಕ ತೆರೆದು, ಡಿಕೇ (ಎನ್ವಲಪ್‌ನ ಇಳಿತ) ಜೊತೆ ವಾಪಸ್ ಇಳಿಯುತ್ತದೆ. ಈ ಇಡೀ ದಾರಿ ನಮ್ಮ ಕಿವಿಗೆ ಕೇಳುವ ಜಾಗದಲ್ಲೇ ಇದೆ. ‘ವಾವ್’ ಚೆನ್ನಾಗಿ ಕೇಳುತ್ತದೆ.

ಈಗ ಅದೇ ನಾಬನ್ನು 10,000 ಹರ್ಟ್ಜ್‌ಗೆ ಇಡಿ. ನಾಲ್ಕು ಸ್ಥಾಯಿ ಮೇಲೆ ಅಂದರೆ 1,60,000 ಹರ್ಟ್ಜ್! ಮನುಷ್ಯನ ಕಿವಿಗೆ ಕೇಳುವುದೇ ಹೆಚ್ಚೆಂದರೆ 20,000 ತನಕ. ಫಿಲ್ಟರ್ ಕೂಡ ಅಷ್ಟು ಮೇಲೆ ಹೋಗುವುದಿಲ್ಲ, ತನ್ನ ಮಿತಿಗೆ ತಲೆ ಬಡಿದು ನಿಲ್ಲುತ್ತದೆ. ಎನ್ವಲಪ್ ಪಾಪ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿದೆ, ಆದರೆ ತೆರೆದ ಬಾಗಿಲನ್ನು ಇನ್ನೂ ತೆರೆಯೋದು ಹೇಗೆ? ಚಲನೆ ಬೇಕಾದರೆ ಮೊದಲು ಕಟಾಫ್ ಕೆಳಗಿಳಿಸಿ, ಆಮೇಲೆ ಅಮೌಂಟ್ ಏರಿಸಿ. ಹೊಸಬರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ದನಿ ಮಂಕು ಅನ್ನಿಸಿತು ಅಂತ ಕಟಾಫ್ ಏರಿಸುತ್ತಾರೆ, ಎನ್ವಲಪ್‌ಗೆ ಜಾಗವೇ ಉಳಿಯುವುದಿಲ್ಲ.

ಕಟಾಫ್ ಕೆಳಗಿದ್ದೂ ಚಲನೆ ಇಲ್ಲ ಅಂದರೆ ಸಸ್ಟೇನ್ (ಕೀ ಹಿಡಿದಿರುವ ತನಕ ಎನ್ವಲಪ್ ನಿಲ್ಲುವ ಮಟ್ಟ) ನೋಡಿ. ಅದು ಪೂರ್ತಿ ಮೇಲಿದ್ದರೆ ಡಿಕೇ ಇಳಿಯಲು ಮೆಟ್ಟಿಲೇ ಇಲ್ಲ. ಡಿಕೇ ನಾಬ್ ಹೇಗೆ ತಿರುಗಿಸಿದರೂ ಅಷ್ಟೇ. ಅಮೌಂಟ್ ನಾಬ್‌ನ ನಡುವೆ ಸೊನ್ನೆ ಇರುವ ಸಿಂಥ್ ಆದರೆ, ಅದು ಎಡಕ್ಕೆ ಹೋಗಿದೆಯಾ ನೋಡಿ. ಎಡಕ್ಕಿದ್ದರೆ ಎನ್ವಲಪ್ ಫಿಲ್ಟರನ್ನು ತೆರೆಯುವ ಬದಲು ಮುಚ್ಚುತ್ತದೆ.

ಕೀ ಬಿಟ್ಟ ಮೇಲೆ ಫಿಲ್ಟರ್ ನಿಧಾನ ಮುಚ್ಚಲಿ ಅಂತ ಉದ್ದ ರಿಲೀಸ್ (ಕೀ ಬಿಟ್ಟ ಮೇಲಿನ ಇಳಿತದ ಸಮಯ) ಇಟ್ಟಿದ್ದೀರಿ, ಕೇಳುತ್ತಲೇ ಇಲ್ಲ. ತಪ್ಪು ಆಂಪ್ಲಿಫೈಯರ್‌ನ, ಅಂದರೆ ವಾಲ್ಯೂಮ್ ಏರಿಳಿಸುವ ಭಾಗದ, ಎನ್ವಲಪ್‌ನಲ್ಲಿದೆ. ಅದರ ರಿಲೀಸ್ ಚಿಕ್ಕದಾಗಿದ್ದರೆ ದನಿ ಆಗಲೇ ಸತ್ತಿರುತ್ತದೆ. ಫಿಲ್ಟರ್ ಖಾಲಿ ಮನೆಯಲ್ಲಿ ಬಾಗಿಲು ಮುಚ್ಚುತ್ತಾ ಕೂತಿರುತ್ತದೆ.

ಮೊದಲ ಕೀಗೆ ‘ವಾವ್’ ಬರುತ್ತದೆ, ಅದನ್ನು ಹಿಡಿದುಕೊಂಡು ಎರಡನೆಯದು ಒತ್ತಿದರೆ ಬರೋದಿಲ್ಲ. ಆಗ ನಿಮ್ಮದು ಪ್ಯಾರಾಫೋನಿಕ್ ಸಿಂಥ್ ಇರಬಹುದು: ಸ್ವರ ಹಲವು, ಫಿಲ್ಟರ್ ಒಂದೇ. ಮಾನೊ ಸಿಂಥ್‌ನಲ್ಲಿ (ಒಮ್ಮೆಗೆ ಒಂದೇ ಸ್ವರ) ಲೆಗಾಟೊ (ಸ್ವರಗಳನ್ನು ಬೆಸೆದು ನುಡಿಸುವುದು) ಆನ್ ಇದ್ದರೂ ಹೀಗೇ ಆಗುತ್ತದೆ. ರೀಟ್ರಿಗರ್ ಅಥವಾ ಮಲ್ಟಿ ಟ್ರಿಗರ್ ಅನ್ನುವ ಸೆಟ್ಟಿಂಗ್ ಇದ್ದರೆ ಬದಲಿಸಿ. ಇಲ್ಲದಿದ್ದರೆ ಪ್ರತಿ ಕೀ ಬಿಟ್ಟು ಮುಂದಿನದನ್ನು ಒತ್ತುವ ಅಭ್ಯಾಸ ಮಾಡಿಕೊಳ್ಳಬೇಕು.

ರೆಸೊನೆನ್ಸ್ ಏರಿಸಿದರೆ ಬೇಸ್ ಮಾಯ

ಸಿಂಥ್ ಕೆಟ್ಟಿಲ್ಲ. ಇದು ಲ್ಯಾಡರ್ ಫಿಲ್ಟರ್‌ನ ಹುಟ್ಟುಗುಣ.

ಸಿಂಥ್ ತಯಾರಕ ರಾಬರ್ಟ್ ಮೂಗ್ ಅವರ ಲ್ಯಾಡರ್ ಫಿಲ್ಟರ್‌ಗೆ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. 1970ರ ಮಿನಿಮೂಗ್ ಸಿಂಥ್‌ನಲ್ಲಿ ಇರೋದೂ ಅದೇ. ಒಳಗೆ ನಾಲ್ಕು ಹಂತ, ಏಣಿಯ ಮೆಟ್ಟಿಲಿನ ಹಾಗೆ. ಕೊನೆಯ ಮೆಟ್ಟಿಲಿನಿಂದ ಬಂದ ದನಿಯನ್ನು ತಲೆಕೆಳಗು ಮಾಡಿ ಮತ್ತೆ ಮೊದಲ ಮೆಟ್ಟಿಲಿಗೆ ಸೇರಿಸುವುದೇ ರೆಸೊನೆನ್ಸ್. ಕಟಾಫ್ ಹತ್ತಿರ ನಾಲ್ಕು ಹಂತ ದಾಟುವಷ್ಟರಲ್ಲಿ ಅಲೆ 180 ಡಿಗ್ರಿ ತಿರುಗಿರುತ್ತದೆ. ತಲೆಕೆಳಗಾದದ್ದು ಮತ್ತೆ ತಲೆಕೆಳಗಾದರೆ ನೆಟ್ಟಗೆ. ಹಾಗಾಗಿ ಅಲ್ಲಿ ದನಿ ಉಬ್ಬುತ್ತದೆ. ಕೆಳಗಿನ ಬೇಸ್ ಅಲೆ ಅಷ್ಟು ತಿರುಗಿರುವುದಿಲ್ಲ, ಹಾಗಾಗಿ ತಲೆಕೆಳಗು ಮಾಡಿ ಸೇರಿಸಿದ್ದು ಅದನ್ನು ಕುಗ್ಗಿಸುತ್ತದೆ. ಫಿಲ್ಟರ್ ತಾನೇ ಶಿಳ್ಳೆ ಹಾಕಲು ಶುರು ಮಾಡುವ ಹಂತಕ್ಕೆ ಬಂದಾಗ ಬೇಸ್ ಐದನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಅಂದರೆ ಸುಮಾರು 14 ಡೆಸಿಬೆಲ್ ನಷ್ಟ. ಸಣ್ಣ ಮಾತಲ್ಲ.

ಕೆಲವು ಸಿಂಥ್‌ಗಳಲ್ಲಿ ಈ ನಷ್ಟ ತುಂಬಿಕೊಡುವ ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ರೆಸೊನೆನ್ಸ್ ಏರಿಸಿದಾಗ ವಾಲ್ಯೂಮನ್ನೂ ಏರಿಸಿಕೊಳ್ಳಿ. ಅಥವಾ ಫಿಲ್ಟರ್ ಹೊರಗಿನಿಂದ ಒಂದು ಸೈನ್ ವೇವ್‌ನ ಬೇಸ್ ಸೇರಿಸಿ. ನನಗೆ ಎರಡನೆಯದೇ ಇಷ್ಟ. ಸ್ಟೇಟ್ ವೇರಿಯಬಲ್ ಮಾದರಿಯ ಫಿಲ್ಟರ್ ಆರಿಸುವ ಅವಕಾಶ ಇದ್ದರೆ ಅದನ್ನೂ ನೋಡಿ. 1974ರ ಓಬರ್‌ಹೈಮ್ ಎಸ್‌ಇಎಮ್ ಸಿಂಥ್‌ನಲ್ಲಿ ಇದ್ದದ್ದು ಆ ಜಾತಿ, 12 ಡೆಸಿಬೆಲ್‌ನದು. ಅದರಲ್ಲಿ ಬೇಸ್ ಹೀಗೆ ಓಡಿಹೋಗುವುದಿಲ್ಲ.

ರೆಸೊನೆನ್ಸ್ ಮುಟ್ಟದೆಯೇ ಬೇಸ್ ಸಣ್ಣದಾಗಿದ್ದರೆ ಅದು ಬೇರೆ ಕಥೆ. ಎಲ್ಲೋ ಒಂದು ಹೈ ಪಾಸ್ (ಕೆಳಗಿನ ದನಿ ತಡೆಯುವ ಫಿಲ್ಟರ್) ಆನ್ ಇದೆ. ಮುಖ್ಯ ಫಿಲ್ಟರ್‌ನಲ್ಲಿ, ಅಥವಾ ಅದರ ಪಕ್ಕದ ಪುಟ್ಟ ಸ್ಲೈಡರ್‌ನಲ್ಲಿ, ಅಥವಾ ಎಫೆಕ್ಟ್ಸ್ ಪುಟದ ಮೂಲೆಯಲ್ಲಿ.

ಇದಕ್ಕೆ ಉಲ್ಟಾ ದೂರೂ ಇದೆ: ರೆಸೊನೆನ್ಸ್ ಪೂರ್ತಿ ಇದ್ದರೂ ಮೊನಚು ಇಲ್ಲ. ಆಗ ಮಿಕ್ಸರ್ ನೋಡಿ. ಮೂರು ಆಸಿಲೇಟರ್ ಪೂರ್ತಿ ಜೋರಾಗಿ ಫಿಲ್ಟರ್‌ಗೆ ನುಗ್ಗಿದರೆ ಅದರ ಸರ್ಕ್ಯೂಟ್ ತುಂಬಿ ಉಸಿರುಗಟ್ಟುತ್ತದೆ. ದನಿ ಒರಟಾಗುತ್ತದೆ, ರೆಸೊನೆನ್ಸ್ ಅದರಡಿ ಹೂತುಹೋಗುತ್ತದೆ. ಮಿಕ್ಸರ್ ಅರ್ಧಕ್ಕೆ ಇಳಿಸಿ ಕೇಳಿ. ಡ್ರೈವ್ ನಾಬ್ ಇದ್ದರೆ ಅದನ್ನೂ ಇಳಿಸಿ.

ಶಿಳ್ಳೆ, ಕೂಗು, ಇದ್ದಕ್ಕಿದ್ದಂತೆ ಜೋರು

ಹೆಡ್‌ಫೋನ್ ಹಾಕಿಕೊಂಡಿದ್ದರೆ ಮೊದಲು ತೆಗೆಯಿರಿ. ತುದಿಗೆ ಏರಿದ ರೆಸೊನೆನ್ಸ್ ಕಿವಿಗೂ ಸ್ಪೀಕರ್‌ಗೂ ಒಳ್ಳೆಯದಲ್ಲ.

ಕೀ ಒತ್ತದಿದ್ದರೂ, ಆಸಿಲೇಟರ್ ಎಲ್ಲ ಮುಚ್ಚಿದರೂ ಶಿಳ್ಳೆ ಕೇಳುತ್ತಿದ್ದರೆ ಫಿಲ್ಟರ್ ತಾನೇ ಹಾಡುತ್ತಿದೆ. ಇದಕ್ಕೆ ಸೆಲ್ಫ್ ಆಸಿಲೇಶನ್ ಅನ್ನುತ್ತಾರೆ. ರೆಸೊನೆನ್ಸ್ ಸ್ವಲ್ಪ ಇಳಿಸಿದರೆ ನಿಲ್ಲುತ್ತದೆ. ಕೆಲವರು ಇದನ್ನೇ ಬೇಕೆಂದು ಸ್ವರದಂತೆ ನುಡಿಸುತ್ತಾರೆ. ಆಗ ಶ್ರುತಿ ಕೂಡುತ್ತಿಲ್ಲ ಅನ್ನುವ ದೂರು ಬರುತ್ತದೆ. ಕೀ ಟ್ರ್ಯಾಕಿಂಗ್ ಸರಿಯಾಗಿ 100 ಪ್ರತಿಶತ ಇದೆಯಾ ನೋಡಿ. ಅನಲಾಗ್ ಸಿಂಥ್ ಆದರೆ ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಆಮೇಲೆ ಶ್ರುತಿ ಮಾಡಿ. ತಣ್ಣಗಿದ್ದಾಗ ಕೂಡಿಸಿದ ಶ್ರುತಿ ನಿಲ್ಲುವುದಿಲ್ಲ.

ಕೆಲವೇ ಸ್ವರಗಳು ಮಾತ್ರ ಕಿರುಚುತ್ತಿವೆಯೇ? ರೆಸೊನೆನ್ಸ್‌ನ ಗುಡ್ಡ ಆ ಸ್ವರದ ಒಂದು ಹಾರ್ಮಾನಿಕ್ ಮೇಲೆ ಸರಿಯಾಗಿ ಕೂತಿದೆ. 440ರಲ್ಲಿ ಗುಡ್ಡ ಇದ್ದರೆ 110ರ ಸ್ವರಕ್ಕೆ ನಾಲ್ಕನೇ ಹಾರ್ಮಾನಿಕ್ ಸಿಡಿಯುತ್ತದೆ, ಪಕ್ಕದ ಸ್ವರಕ್ಕೆ ಇಲ್ಲ. ಕೀ ಟ್ರ್ಯಾಕಿಂಗ್ ಏರಿಸಿದರೆ ಗುಡ್ಡವೂ ಸ್ವರದ ಜೊತೆ ನಡೆಯುತ್ತದೆ, ಎಲ್ಲ ಕೀಗಳೂ ಒಂದೇ ಥರ ನಡೆದುಕೊಳ್ಳುತ್ತವೆ.

ಮೇಲಿನ ಸ್ವರ ಮಂಕು, ಕೆಳಗಿನದು ಮಾತ್ರ ಚುರುಕು ಅನ್ನೋದಕ್ಕೂ ಮದ್ದು ಅದೇ ನಾಬ್.

ಟಿಕ್, ಪಟ್, ಕರಕರ

ಸದ್ದು ಯಾವಾಗ ಬರುತ್ತದೆ ಅನ್ನೋದು ಮುಖ್ಯ.

ನಾಬ್ ತಿರುಗಿಸುವಾಗ ಮಾತ್ರ ಕರಕರ ಅಂದು, ಒಂದೇ ಜಾಗದಲ್ಲಿ ಜಾಸ್ತಿ ಆದರೆ ಪೊಟೆನ್ಶಿಯೋಮೀಟರ್‌ನಲ್ಲಿ (ನಾಬ್‌ನ ಕೆಳಗಿನ ತಿರುಗುವ ಭಾಗ) ಧೂಳು ಕೂತಿದೆ. ಪವರ್ ತೆಗೆದು, ಹತ್ತಿಪ್ಪತ್ತು ಸಲ ತುದಿಯಿಂದ ತುದಿಗೆ ತಿರುಗಿಸಿ ನೋಡಿ. ಹೋಗದಿದ್ದರೆ ಪೊಟೆನ್ಶಿಯೋಮೀಟರ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಬೇಕು.

ನಾಬ್ ತಿರುಗಿಸುವಾಗ ಮೆಟ್ಟಿಲು ಹತ್ತಿದ ಹಾಗೆ ಟಕಟಕ ಕೇಳಿದರೆ ಅದು ಧೂಳಲ್ಲ, ಲೆಕ್ಕದ ಸಮಸ್ಯೆ. ಸಾಮಾನ್ಯ ಮಿಡಿ ಸಂದೇಶದಲ್ಲಿ 0ಯಿಂದ 127ರ ತನಕ 128 ಬೆಲೆ ಮಾತ್ರ. 20 ಹರ್ಟ್ಜ್‌ನಿಂದ 20,000ಕ್ಕೆ ಸುಮಾರು ಹತ್ತು ಸ್ಥಾಯಿ. ಹಂಚಿ ನೋಡಿ, ಒಂದೊಂದು ಮೆಟ್ಟಿಲು ಹೆಚ್ಚು ಕಡಿಮೆ ಅರ್ಧ ಸ್ವರದಷ್ಟು ದೊಡ್ಡದು! ರೆಸೊನೆನ್ಸ್ ಜಾಸ್ತಿ ಇದ್ದರೆ ಪ್ರತಿ ಮೆಟ್ಟಿಲೂ ಕಿವಿಗೆ ಬೀಳುತ್ತದೆ. ಸ್ಮೂತಿಂಗ್ ಅಥವಾ ಸ್ಲೂ ಸೆಟ್ಟಿಂಗ್ ಏರಿಸಿ. ಸಾಫ್ಟ್‌ವೇರ್ ಆದರೆ ಮಿಡಿ ಸಿಸಿ ಬದಲು ಪ್ಲಗಿನ್‌ನದೇ ಆಟೊಮೇಶನ್ ಬಳಸಿ, ಅದು ಇನ್ನೂ ನಯ.

ಪ್ರತಿ ಸ್ವರದ ಶುರುವಿನಲ್ಲಿ ‘ಟಿಕ್’ ಅಂದರೆ ಅಟ್ಯಾಕ್ (ದನಿ ಏಳಲು ಹಿಡಿಯುವ ಸಮಯ) ಸೊನ್ನೆಗೆ ಇದೆ. ಆಂಪ್ಲಿಫೈಯರ್ ಎನ್ವಲಪ್‌ನಲ್ಲಿ 2ರಿಂದ 5 ಮಿಲಿಸೆಕೆಂಡ್ ಕೊಡಿ. ಡ್ರಮ್, ಪ್ಲಕ್ ಥರದ ದನಿಗೆ ಆ ಟಿಕ್ ಒಂದು ಕಳೆ ಕೊಡುತ್ತದೆ, ಅಲ್ಲಿ ಇರಲಿ ಬಿಡಿ.

ಒಂದು ಸ್ವರ ಸರಿ, ಒಂದು ತಪ್ಪು

ಇಲ್ಲಿ ಮಾತ್ರ ನಾನು ಹಾರ್ಡ್‌ವೇರ್ ಮೇಲೆ ಅನುಮಾನ ಪಡುತ್ತೇನೆ. ಪಾಲಿಫೋನಿಕ್ (ಒಮ್ಮೆಗೆ ಹಲವು ಸ್ವರ ನುಡಿಸುವ) ಅನಲಾಗ್ ಸಿಂಥ್‌ನಲ್ಲಿ ಸಾಮಾನ್ಯವಾಗಿ ಪ್ರತಿ ವಾಯ್ಸ್‌ಗೂ (ಒಂದು ಸ್ವರ ನುಡಿಸುವ ಘಟಕ) ಬೇರೆ ಫಿಲ್ಟರ್ ಇರುತ್ತದೆ. ಆರು ವಾಯ್ಸ್ ಇದ್ದರೆ ಆರು ಫಿಲ್ಟರ್. ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತಿ ಎಣಿಸಿ. ಹೆಚ್ಚಿನ ಸಿಂಥ್‌ಗಳು ಸರದಿಯಲ್ಲಿ ವಾಯ್ಸ್ ಬದಲಿಸುತ್ತವೆ. ಒಂದು, ಎರಡು, ಮೂರು, ನಾಲ್ಕು ಸರಿ, ಐದು ಮಂಕು, ಆರು ಸರಿ. ಮತ್ತೆ ಸುತ್ತಿ ಬಂದಾಗಲೂ ಐದನೆಯದೇ ಮಂಕು ಅಂದರೆ ಸಿಕ್ಕಿಬಿತ್ತು.

ಆಟೊ ಟ್ಯೂನ್ ಅಥವಾ ಕ್ಯಾಲಿಬ್ರೇಶನ್ ಇದ್ದರೆ ಸಿಂಥ್ ಬಿಸಿಯಾದ ಮೇಲೆ ಒಮ್ಮೆ ಓಡಿಸಿ. ಸಣ್ಣ ವ್ಯತ್ಯಾಸ ಅದರಲ್ಲೇ ಹೋಗುತ್ತದೆ. ಹೋಗಲಿಲ್ಲ, ಅಥವಾ ಆ ವಾಯ್ಸ್ ಕರಕರ ಅನ್ನುತ್ತಿದೆ, ಪೂರ್ತಿ ಮೌನ, ಕೀ ಬಿಟ್ಟರೂ ನಿಲ್ಲುತ್ತಿಲ್ಲ ಅಂದರೆ ಚಿಪ್ ಹೋಗಿರುವ ಸಾಧ್ಯತೆ ಇದೆ. 1984ರ ರೋಲ್ಯಾಂಡ್ ಜುನೊ 106 ಇದಕ್ಕೆ ಹೆಸರಾದ ಉದಾಹರಣೆ. ಅದರ 80017ಎ ಅನ್ನುವ ಚಿಪ್‌ನಲ್ಲಿ ಫಿಲ್ಟರ್ ಮತ್ತು ವಾಲ್ಯೂಮ್ ಭಾಗ ಎರಡೂ ಒಟ್ಟಿಗೆ ಇವೆ. ಹಳೆಯದಾದಂತೆ ಅದು ಕೈಕೊಡೋದು ಎಲ್ಲರಿಗೂ ಗೊತ್ತು. ಮೇಲಿನ ಲೇಪನ ತೆಗೆದು ಉಳಿಸಿಕೊಳ್ಳುವವರಿದ್ದಾರೆ, ಹೊಸದಾಗಿ ತಯಾರಾದ ಬದಲಿ ಚಿಪ್ ಹಾಕುವವರೂ ಇದ್ದಾರೆ. ಪೆಟ್ಟಿಗೆ ತೆರೆದು ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಒಳಗೆ ಮೇನ್ಸ್ ಕರೆಂಟ್ ಇರುತ್ತದೆ.

ರಿಪೇರಿಗೆ ಕೊಡುವುದೇ ಆದರೆ ‘ಫಿಲ್ಟರ್ ಸರಿ ಇಲ್ಲ’ ಅಂತ ಮಾತ್ರ ಹೇಳಿ ಬರಬೇಡಿ. ಒಂದು ಚೀಟಿಯಲ್ಲಿ ಬರೆದಿಡಿ: ಇನಿಟ್ ಪ್ಯಾಚ್, ಸಾ ವೇವ್, 110 ಹರ್ಟ್ಜ್, ಕಟಾಫ್ ಪೂರ್ತಿ ತೆರೆದಿದೆ, ಪ್ರತಿ ಸುತ್ತಿನ ಐದನೇ ಸ್ವರ ಮಂಕು, ಆನ್ ಮಾಡಿ ಹತ್ತು ನಿಮಿಷದ ಮೇಲೆ ಶುರುವಾಗುತ್ತದೆ. ಫೋನ್‌ನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡು ಹೋಗಿ. ಆ ಸಿಂಥ್‌ಗೆ ನೀವು ಸಿಕ್ಕಿಸುವ ಪೆಡಲ್ ಇದ್ದರೆ, ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.